ಅಕ್ಕಯಮ್ಮನ ಕಲ್ಲು ಹಾಗೂ ಅಧ್ಯಕ್ಷರ ಅರ್ಹತೆಯ ಬಗ್ಗೆ

ಹೊಂಗೆವನ ತಾಂತ್ರಿಕ ಮಹಾವಿದ್ಯಾಲಯ, ದೊಡ್ಡಬಳ್ಳಾಪುರ ತಾಲ್ಲೂಕು
ಹಳೆಯ ವಿದ್ಯಾರ್ಥಿಗಳ ಸಂಘ (ಸಿವಿಲ್ ವಿಭಾಗ)
ಗೌರವ ಕಾರ್ಯದರ್ಶಿಯವರ ಕಚೇರಿ, ಕ್ಯಾಂಟೀನಿನ ಹಿಂಭಾಗ, ಸಿಲಿಂಡರ್ ಕೋಣೆಯ ಪಕ್ಕ

ಸಂಖ್ಯೆ: ಹವಿಸಂ/ಸಿವಿಲ್/ಕಲ್ಲು/38/2025-26
ದಿನಾಂಕ: 24-11-2025

ಸುತ್ತೋಲೆ

ವಿಷಯ: ಸಂಘದ ಅಧ್ಯಕ್ಷರಾಗಬಯಸುವವರ ಮುಕ್ತಾಯ ದೋಷ, ಸಂಘದ ಬೆಳವಣಿಗೆ ಹಾಗೂ ಕ್ಯಾಂಟೀನಿನ ಪಾತ್ರೆ ಉಜ್ಜುವ ಕಲ್ಲಿನ ಸ್ಥಾನಮಾನದ ಬಗ್ಗೆ.

ಉಲ್ಲೇಖ:
1) ಸಂಘದ ಉಪವಿಧಿ 7(2).
2) ಶ್ರೀಮತಿ ನಿಶತ್, 2010ನೇ ಸಾಲು, ಇವರ ನಾಮಪತ್ರ, ದಿ: 8-11-2025.
3) ಅಧ್ಯಕ್ಷರಾದ ಶ್ರೀ ಅಂಬರೀಶ್, 2006ನೇ ಸಾಲು, ಇವರು ಬೈಕಿನಿಂದ ಇಳಿಯದೆಯೇ ನೀಡಿದ ಮೌಖಿಕ ಆದೇಶ, ದಿ: 10-11-2025.
4) ಕ್ಯಾಂಟೀನಿನ ಶ್ರೀಮತಿ ಅಕ್ಕಯಮ್ಮ ಇವರು ಕೈಯಲ್ಲಿ ತೆಂಗಿನ ನಾರು ಹಿಡಿದೇ ನೀಡಿದ ಹೇಳಿಕೆ, ದಿ: 15-11-2025.

ಪ್ರಸ್ತಾವನೆ:

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸಂಘದ ಸಮಸ್ತ ಸದಸ್ಯರಿಗೂ, ಸದಸ್ಯರಾಗದೆ ತಪ್ಪಿಸಿಕೊಂಡು ತಿರುಗುತ್ತಿರುವ ಹಳೆಯ ವಿದ್ಯಾರ್ಥಿಗಳಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸದರಿ ಸುತ್ತೋಲೆಯನ್ನು ಒಂದು ಉದ್ದೇಶಕ್ಕೆ ಆರಂಭಿಸಲಾಗಿದ್ದು, ಅದು ಬೇರೊಂದು ಉದ್ದೇಶಕ್ಕೆ ಮುಗಿದಿದೆ. ಶ್ರೀಮತಿ ನಿಶತ್ ಅವರ ನಾಮಪತ್ರವನ್ನು ತಿರಸ್ಕರಿಸುವುದು ಮೊದಲ ಉದ್ದೇಶವಾಗಿತ್ತು. ಮೊದಲ ಐದು ಕಂಡಿಕೆಗಳನ್ನು ಆಗಲೇ ಟೈಪು ಮಾಡಿಯಾಗಿದ್ದರಿಂದಲೂ, ಟೈಪು ಮಾಡಿದ್ದನ್ನು ಅಳಿಸುವುದು ಈ ಕಚೇರಿಯ ಸಂಪ್ರದಾಯವಲ್ಲವಾದ್ದರಿಂದಲೂ ಅವುಗಳನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಓದುವವರು ಆರನೇ ಕಂಡಿಕೆಯವರೆಗೆ ತಾಳ್ಮೆಯಿಂದಿರತಕ್ಕದ್ದು.

ಈ ಸುತ್ತೋಲೆಯನ್ನು ಬರೆದ ಗೌರವ ಕಾರ್ಯದರ್ಶಿ ಚಲಪತಿ ಎಂಬುವರನ್ನು ಇನ್ನು ಮುಂದೆ ‘ಕೆಳಸಹಿದಾರರು’ ಎಂದು ಕರೆಯಲಾಗುವುದು. ತಮ್ಮ ಬಗ್ಗೆ ತಾವೇ ಹೇಳಿಕೊಳ್ಳಲು ಅವರಿಗೆ ಇದೇ ಅನುಕೂಲ.

1. ಮುಕ್ತಾಯ ದೋಷದ ವ್ಯಾಖ್ಯೆ: ಕ್ಯಾಂಟೀನಿನ ಹಿಂದೆ, ಹೊಂಗೆಮರದ ಬಳಿಯ ನಲ್ಲಿಯ ಪಕ್ಕದಲ್ಲಿ, ಮೇಲ್ಮೈಯಲ್ಲಿ ಕೆಂಪು ಬಣ್ಣದ ಕೂಡಿಸುವ ಗುರುತುಳ್ಳ ಒಂದು ಕಲ್ಲಿದೆ. ಇದು ಕಾಲೇಜಿನ ಬೆಂಚ್ ಮಾರ್ಕ್, ಅಂದರೆ ಸುತ್ತಲಿನ ನೆಲದ ಮಟ್ಟ ಅಳೆಯಲು ಆಧಾರವಾದ ಗುರುತು. ಇದರ ಎತ್ತರ ನೂರು ಮೀಟರ್ ಎಂದು 2002ರಲ್ಲಿ ಸರ್ವೆ ಮೇಷ್ಟ್ರಾದ ನರಸಿಂಹಯ್ಯನವರು ತೀರ್ಮಾನಿಸಿದರು. ಅವರ ತೀರ್ಮಾನವನ್ನು ಪ್ರಶ್ನಿಸಿದವರ ಇಂಟರ್ನಲ್ಸ್ ಅಂಕಗಳು ಲಭ್ಯವಿಲ್ಲ. ಎರಡನೇ ವರ್ಷದ ವಿದ್ಯಾರ್ಥಿಗಳು ಬೆಳಿಗ್ಗೆ ಎಂಟಕ್ಕೆ ಈ ಕಲ್ಲಿನ ಮೇಲೆ ಅಳತೆ ಕೋಲು ನಿಲ್ಲಿಸಿ, ಲೆವೆಲ್ ಯಂತ್ರದಲ್ಲಿ ಇಣುಕಿ, ನೆಲದ ಏರುತಗ್ಗು ಬರೆದುಕೊಳ್ಳುತ್ತ ರಾಜಘಟ್ಟದ ಕೆರೆ ಏರಿಯವರೆಗೆ ಹೋಗಿ, ಸಂಜೆ ನಾಲ್ಕಕ್ಕೆ ಅದೇ ಕಲ್ಲಿಗೆ ಮರಳತಕ್ಕದ್ದು. ಹೊರಟ ಕಲ್ಲಿಗೇ ಮರಳಿದಾಗ ಲೆಕ್ಕವೂ ನೂರಕ್ಕೇ ಮರಳಬೇಕು. ಮರಳದಿದ್ದರೆ ಬರುವ ವ್ಯತ್ಯಾಸವೇ ಮುಕ್ತಾಯ ದೋಷ. ದೋಷವುಳ್ಳ ವಿದ್ಯಾರ್ಥಿ ಮರುದಿನ ಮತ್ತೆ ಕೆರೆ ಏರಿಗೆ ಹೋಗತಕ್ಕದ್ದು.

2. ಉಪವಿಧಿ 7(2)ರ ಪ್ರಕಾರ ಸಂಘದ ಅಧ್ಯಕ್ಷರಾಗುವವರು ವಿದ್ಯಾರ್ಥಿಯಾಗಿದ್ದಾಗ ಸೊನ್ನೆ ದೋಷದೊಂದಿಗೆ ಸರ್ವೆ ಮುಗಿಸಿದವರಾಗಿರತಕ್ಕದ್ದು. ನಾಯಕನಾದವನು ಹೊರಟಲ್ಲಿಗೇ ಬಂದು ಸೇರಬೇಕೆಂಬುದು ಇದರ ತತ್ವ. ನಾಯಕನೆಂದರೆ ಮುಂದಕ್ಕೆ ಹೋಗಬೇಕಲ್ಲವೇ ಎಂದು 2014ರ ಮಹಾಸಭೆಯಲ್ಲಿ ಒಬ್ಬರು ಎದ್ದು ಕೇಳಿದ್ದು, ಅವರಿಗೆ ಎರಡನೇ ಸಲ ಉಪ್ಪಿಟ್ಟು ಬಡಿಸಿ ಕೂರಿಸಲಾಗಿದೆ. ಈವರೆಗಿನ ಐವರು ಅಧ್ಯಕ್ಷರ ದೋಷವೂ 0.000 ಆಗಿದ್ದು, ಇಂಥ ದಾಖಲೆ ಜಿಲ್ಲೆಯ ಬೇರೆ ಯಾವ ಸಂಘಕ್ಕೂ ಇದ್ದಂತಿಲ್ಲ. ಸದಸ್ಯತ್ವದ ಅರ್ಜಿ, ನಾಮಪತ್ರ ಎರಡರ ಕಾಲಂ 9ರಲ್ಲಿಯೂ ‘ನಿಮ್ಮ ಮುಕ್ತಾಯ ದೋಷ ಎಷ್ಟು?’ ಎಂದು ಕೇಳಿ, ಅದರ ಕೆಳಗೆ ‘ಇದು ಸತ್ಯವೆಂದು ಪ್ರಮಾಣೀಕರಿಸುತ್ತೇನೆ’ ಎಂಬುದಕ್ಕೆ ಸಹಿ ಪಡೆಯಲಾಗುತ್ತದೆ.

3. ಬೆಳವಣಿಗೆ: ಸಿವಿಲ್ ವಿಭಾಗದಿಂದ ಹೊರಬಿದ್ದವರು 1,260. ಸದಸ್ಯರಾದವರು 41. ಅರ್ಜಿ ಒಯ್ದವರೆಲ್ಲ ಕಾಲಂ 8ರವರೆಗೆ ಚಕಚಕನೆ ತುಂಬಿ, ಆಮೇಲೆ ಪೆನ್ನು ಕಚ್ಚುತ್ತ ಕೂತು, ಮನೆಯಲ್ಲಿ ಯಾರಿಗೋ ಹುಷಾರಿಲ್ಲವೆಂದು ಎದ್ದು ಹೋಗುತ್ತಿರುವುದು ಗಮನಕ್ಕೆ ಬಂದಿದೆ. ಇಷ್ಟೊಂದು ಮನೆಗಳಲ್ಲಿ ಇಷ್ಟೊಂದು ಜನಕ್ಕೆ ಹುಷಾರಿಲ್ಲದಿರುವುದು ಆತಂಕದ ವಿಷಯವಾಗಿರುತ್ತದೆ. ಕಳೆದ ಮಹಾಸಭೆಗೆ ಒಂಬತ್ತು ಜನ ಬಂದಿದ್ದು, ಅವರಲ್ಲಿ ಇಬ್ಬರು ಪಕ್ಕದ ಸಮುದಾಯ ಭವನದ ನಾಮಕರಣಕ್ಕೆಂದು ಹೊರಟು ದಾರಿ ತಪ್ಪಿದವರು.

4. ಮೇಲಿನ ಅಂಕಿಅಂಶ ಮುಜುಗರ ತರುತ್ತಿರುವುದರಿಂದ, ಬೆಳವಣಿಗೆಯನ್ನು ತಲೆ ಎಣಿಸಿ ಅಳೆಯದೆ, ಕೋಲು ಹಿಡಿದು ಅಳೆಯಲು ಅಧ್ಯಕ್ಷರು 2019ರಲ್ಲಿ ಆದೇಶಿಸಿದ್ದರು. ಅದರಂತೆ ಪ್ರತಿ ಸದಸ್ಯರ ಎತ್ತರವನ್ನು ಅಳೆದು ಕೂಡಿಸಲಾಗುತ್ತಿದೆ. 2019ರಲ್ಲಿ ಸಂಘದ ಒಟ್ಟು ಎತ್ತರ 68.9 ಮೀಟರ್ ಇತ್ತು. 2024ರಲ್ಲಿ ಅದು 68.7ಕ್ಕೆ ಇಳಿದಿದೆ. ಸದಸ್ಯರು ಬೆನ್ನು ನೆಟ್ಟಗೆ ಮಾಡಿ ನಿಲ್ಲುವಂತೆ ಮೂರು ಜ್ಞಾಪನಗಳನ್ನು ಕಳುಹಿಸಲಾಗಿದೆ.

ಕಂಪ್ಯೂಟರ್ ವಿಭಾಗದ ಕೆಲವರು ತಮ್ಮನ್ನೂ ಸೇರಿಸಿಕೊಂಡು ಎತ್ತರ ಹೆಚ್ಚಿಸಿಕೊಳ್ಳಿರೆಂದು ಕೋರಿದ್ದು, ಅವರು ಜೀವನದಲ್ಲಿ ಯಾವ ಕೆರೆ ಏರಿಗೂ ಹೋಗಿಲ್ಲವಾದ್ದರಿಂದ ಅವರಿಗೆ ಟೀ ಮಾತ್ರ ಕೊಡಲಾಗಿದೆ.

5. ಈ ಹಿನ್ನೆಲೆಯಲ್ಲಿ ಉಲ್ಲೇಖ (2)ರ ನಾಮಪತ್ರ ಬಂದಿದೆ. ಅರ್ಜಿದಾರರಾದ ಶ್ರೀಮತಿ ನಿಶತ್ ಹೊಸಕೋಟೆಯಲ್ಲಿ ನೆಲೆಸಿದ್ದು, ಅನುಗೊಂಡನಹಳ್ಳಿ ಹೋಬಳಿಯ ಕೆರೆ ಕಾಲುವೆಗಳ ಮಟ್ಟ ಅಳೆಯುವ ಕೆಲಸ ಮಾಡುತ್ತಾರೆ. ಅವರು ಅಳೆದುಕೊಟ್ಟ ಕಾಲುವೆಗಳಲ್ಲಿ ನೀರು ಹರಿಯಬೇಕಾದ ಕಡೆಗೇ ಹರಿಯುತ್ತಿದೆ ಎಂಬ ವರದಿ ಇದೆ. ಆದಾಗ್ಯೂ ಕಾಲಂ 9ರಲ್ಲಿ ಅವರು 0.038 ಎಂದು, ಅಂದರೆ ಮೂವತ್ತೆಂಟು ಮಿಲಿಮೀಟರ್ ಎಂದು, ಯಾವ ಅಳುಕೂ ಇಲ್ಲದೆ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಜೊತೆಗೆ, ಆಯ್ಕೆಯಾದರೆ ಕಾಲಂ 9ನ್ನೇ ತೆಗೆದುಹಾಕುವುದಾಗಿ ಹಿಂಬದಿಯಲ್ಲಿ ಬರೆದಿರುತ್ತಾರೆ. ನಾಲ್ಕನೇ ಬಾರಿಗೆ ಸ್ಪರ್ಧಿಸಿರುವ ಶ್ರೀ ಅಂಬರೀಶ್ ಇದರಿಂದ ಸಿಡಿಮಿಡಿಗೊಂಡು, ಉಲ್ಲೇಖ (3)ರಂತೆ,

(ಅ) ಸದರಿ ನಾಮಪತ್ರವನ್ನು ಸುತ್ತೋಲೆಯ ಮೂಲಕ ತಿರಸ್ಕರಿಸಲು,

(ಆ) ಸೊನ್ನೆಯ ಮಹತ್ವ ಎಲ್ಲರಿಗೂ ತಿಳಿಯುವಂತೆ ಬೆಂಚ್ ಮಾರ್ಕ್ ಕಲ್ಲನ್ನು ಕಾಲೇಜಿನ ಮುಂಬಾಗಿಲಿಗೆ ತಂದು, ಗ್ರಾನೈಟ್ ಪೀಠ ಕಟ್ಟಿ, ಮೇಲೆ ಗಾಜಿನ ಪೆಟ್ಟಿಗೆ ಹೊದಿಸಲು ಆದೇಶಿಸಿದರು.

ಪೀಠ ಸಿದ್ಧವಾಯಿತು. ಗಾಜಿನ ಪೆಟ್ಟಿಗೆ ಬಂತು. ತಿರಸ್ಕಾರದ ವಾಕ್ಯವನ್ನು ಟೈಪು ಮಾಡಲು ಮಾತ್ರ ಕೆಳಸಹಿದಾರರ ಬೆರಳು ಯಾಕೋ ಮುಂದೆ ಹೋಗಲಿಲ್ಲ. ಕೀಬೋರ್ಡ್ ರಿಪೇರಿಯಲ್ಲಿದೆ ಎಂದು ಅಧ್ಯಕ್ಷರಿಗೆ ತಿಳಿಸಲಾಯಿತು.

6. ದಿ: 15-11-2025, ಶನಿವಾರದ ಘಟನೆ: ಕಲ್ಲನ್ನು ಹೊರಡಿಸುವ ಮುನ್ನ ಅದಕ್ಕೊಂದು ಸೇವಂತಿಗೆ ಹಾರ ಹಾಕಿ ಫೋಟೋ ತೆಗೆಸಲು ತೀರ್ಮಾನಿಸಲಾಗಿತ್ತು. ಬೆಳಿಗ್ಗೆ ಹತ್ತಕ್ಕೆ ಅಧ್ಯಕ್ಷರು ಇಸ್ತ್ರಿ ಬಟ್ಟೆಯಲ್ಲಿ ಹಾಜರಿದ್ದು, ಕಲ್ಲಿಗೆ ಹಾರ ಹಾಕಿಯೂ ಆಯಿತು. ಫೋಟೋದವರು ದೇವನಹಳ್ಳಿಯಲ್ಲಿ ಒಂದು ಸೀಮಂತ ಮುಗಿಸಿಕೊಂಡು ಎರಡು ಗಂಟೆಗೆ ಬಂದರು. ಅಷ್ಟರಲ್ಲಿ ಎಲ್ಲರೂ ಊಟಕ್ಕೆ ಹೋಗಿ ಮರಳಿ ನೋಡಲಾಗಿ, ಹಾರ ನಲ್ಲಿಯ ಮೇಲೆ ನೇತಾಡುತ್ತಿತ್ತು. ಕಲ್ಲು ಒಂದೂವರೆ ಮೊಳ ಆಚೆ, ಹೊಂಗೆಯ ನೆರಳಲ್ಲಿತ್ತು. ಅದರ ಮೇಲೆ ಸಾರಿನ ದೊಡ್ಡ ಪಾತ್ರೆ ಬೋರಲು ಬಿದ್ದಿತ್ತು. ಅಕ್ಕಯಮ್ಮನವರು ಅದರ ತಳವನ್ನು ಉಜ್ಜುತ್ತಿದ್ದರು.

ಕಲ್ಲು ಹೇಗೆ ಜರುಗಿತೆಂದು ವಿಚಾರಿಸಲಾಗಿ, ಅವರು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಿದೆ: “ಮಧ್ಯಾಹ್ನ ಬಿಸ್ಲು ನೆತ್ತಿಗೆ ಬತ್ತದಲ್ಲಪ್ಪಾ, ನೆಳ್ಳಿಗೆ ಜರುಗಿಸ್ಕತೀನಿ. ಸಂಜೆ ಮನೆಗೆ ಹೋಗೋವಾಗ ಮತ್ತೆ ನಲ್ಲಿ ತಾವ್ಕೆ ತಳ್ತೀನಿ. ನಾನು ಕೆಲ್ಸಕ್ಕೆ ಸೇರ್ದಾಗಿಂದ್ಲೂ ಇದೇ ಮಾಡಾದು. ಯಾಕೆ, ಏನಾಯ್ತು?”

ಅಕ್ಕಯಮ್ಮನವರು ಕೆಲಸಕ್ಕೆ ಸೇರಿದ್ದು 2002ರಲ್ಲಿ. ಮೇಷ್ಟ್ರು ಬಣ್ಣ ಬಳಿದಾಗ ಕಲ್ಲು ನೆಲದಲ್ಲಿ ಹೂತಿದ್ದು, ಅದೇ ಬೇಸಿಗೆಯಲ್ಲಿ ನಲ್ಲಿಯ ಪೈಪಿಗಾಗಿ ಅಗೆದವರು ಅದನ್ನು ಕಿತ್ತು ಪಕ್ಕಕ್ಕಿಟ್ಟು ಹೋಗಿದ್ದರೆಂದು ತಿಳಿದುಬಂದಿದೆ. ಆಮೇಲೆ ಇಪ್ಪತ್ತಮೂರು ವರ್ಷ ಆ ಕಲ್ಲನ್ನು ಯಾರೂ ಅನುಮಾನಿಸಲಿಲ್ಲ. ಪ್ರತಿ ವರ್ಷ ಹೆಚ್ಚುಕಡಿಮೆ ಎಲ್ಲರ ಲೆಕ್ಕವೂ ಸೊನ್ನೆಗೇ ಬರುತ್ತಿದ್ದುದರಿಂದ ಅನುಮಾನಿಸುವ ಪ್ರಮೇಯ ಬರಲಿಲ್ಲ.

7. ಸ್ಥಳದಲ್ಲಿಯೇ ಲೆವೆಲ್ ಯಂತ್ರ ತರಿಸಿ, ಪಾತ್ರೆಯನ್ನು ಇಳಿಸಲು ಅಕ್ಕಯಮ್ಮನವರ ಅನುಮತಿ ಪಡೆದು, ಅಳೆಯಲಾಯಿತು. ನಲ್ಲಿಯ ಬಳಿ ಇದ್ದುದಕ್ಕಿಂತ ನೆರಳಲ್ಲಿ ಕಲ್ಲು ಮೂವತ್ತೆಂಟು ಮಿಲಿಮೀಟರ್ ತಗ್ಗಿನಲ್ಲಿದೆ. ಮೂರು ಸಲ ಅಳೆದರೂ ಅಷ್ಟೇ. ಅಂದರೆ ಬೆಳಿಗ್ಗೆ ಹೊರಟು ಸಂಜೆ ಮರಳಿದ ಯಾವ ವಿದ್ಯಾರ್ಥಿಗೂ, ಸರಿಯಾಗಿ ಅಳೆದಿದ್ದರೆ, ಸೊನ್ನೆ ಬರುವುದು ಸಾಧ್ಯವೇ ಇರಲಿಲ್ಲ. 0.038 ಬಂದಿರಲೇಬೇಕು. ಬಂದದ್ದನ್ನು ಬಂದ ಹಾಗೆ ಬರೆದವರು 1,260 ಜನರಲ್ಲಿ ಒಬ್ಬರೇ.

ಇದಾದ ಮೇಲೆ ಅಧ್ಯಕ್ಷರು ನಲ್ಲಿಯ ಕಟ್ಟೆಯ ಮೇಲೆ, ಇಸ್ತ್ರಿಯನ್ನು ಲೆಕ್ಕಿಸದೆ ಕುಳಿತರು. ಫೋಟೋದವರು ಒಂದು ಫೋಟೋ ತೆಗೆದರು. ಆಮೇಲೆ ಅಧ್ಯಕ್ಷರು ಯಾರ ಮುಖವನ್ನೂ ನೋಡದೆ ಹೇಳಿದ್ದು: “ನಂದೂ ಮೂವತ್ತೆಂಟೇ ಕಣಯ್ಯಾ ಚಲಪತಿ. ನಾನೊಬ್ಬನೇ ಕಳ್ಳ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ.”

ಸೊನ್ನೆಯ ಬಗ್ಗೆ ಅವರು ಇಷ್ಟು ಬಿಗಿ ಹಿಡಿದದ್ದು ಏಕೆಂದು ಕೆಳಸಹಿದಾರರಿಗೆ ಆಗ ಅರ್ಥವಾಯಿತು. ಅವರ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು.

8. ದಿ: 16-11-2025, ಭಾನುವಾರ: ಕಲ್ಲಿನ ಸಂಗತಿಯನ್ನು ಖುದ್ದಾಗಿ ತಿಳಿಸಲು ಕೆಳಸಹಿದಾರರು ಹೊಸಕೋಟೆಗೆ ತೆರಳಿದರು. ತಿಳಿಸಬೇಕಾದದ್ದು ಕಲ್ಲಿನ ಸಂಗತಿ ಮಾತ್ರವಾಗಿರಲಿಲ್ಲ. ಇದನ್ನು ಅರಿಯಲು ಹದಿನೇಳು ವರ್ಷದ ಹಿಂದಿನ ಒಂದು ಸಂಜೆಯನ್ನು ಪರಿಶೀಲಿಸತಕ್ಕದ್ದು.

2008ರಲ್ಲಿ ನಿಶತ್ ಮತ್ತು ಕೆಳಸಹಿದಾರರು ಒಂದೇ ಸರ್ವೆ ತಂಡದಲ್ಲಿದ್ದರು. ಯಂತ್ರದಲ್ಲಿ ನೋಡಿ ಅಂಕಿ ಕೂಗುವುದು ನಿಶತ್ ಕೆಲಸ, ಕೂಗಿದ್ದನ್ನು ಲೆವೆಲ್ ಬುಕ್ಕಿನಲ್ಲಿ ಬರೆದು ಲೆಕ್ಕ ಹಾಕುವುದು ಕೆಳಸಹಿದಾರರ ಕೆಲಸ. ಸಂಜೆ ನಾಲ್ಕಕ್ಕೆ ಲೆಕ್ಕ ಹಾಕಲಾಗಿ ನೂರು ಬರಬೇಕಾದಲ್ಲಿ 99.962 ಬಂತು. ಕೆಳಸಹಿದಾರರು ಮತ್ತೊಮ್ಮೆ ಕೂಡಿ ಕಳೆದರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ನಿಶತ್ ಓದುವುದರಲ್ಲಿ ತಪ್ಪುವವಳಲ್ಲ ಎಂಬುದೂ ಗೊತ್ತಿತ್ತು. ಹಾಗಿದ್ದೂ ‘ನೀನೇ ಎಲ್ಲೋ ತಪ್ಪು ಓದಿರ್ತೀಯ’ ಎಂದರು. ನಂತರ ಸಿಲಿಂಡರ್ ಕೋಣೆಯ ಹಿಂದೆ ಹೋಗಿ, ಕೆರೆ ಏರಿಯ ಮೇಲಿನ ಒಂದು ಅಂಕಿಯನ್ನು ರಬ್ಬರಿನಿಂದ ಉಜ್ಜಿ, ತಮ್ಮ ಪ್ರತಿಯಲ್ಲಿ ಮಾತ್ರ ಸೊನ್ನೆ ತಂದರು. ಅವರಿಗೆ ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು ಬಂತು. ನಿಶತ್ 0.038 ಎಂದೇ ಬರೆದುಕೊಟ್ಟಳು. ಮೇಷ್ಟ್ರು ಅವಳನ್ನು ಮೂರು ದಿನ ಮತ್ತೆ ಕೆರೆ ಏರಿಗೆ ಕಳುಹಿಸಿದರು. ಮೂರು ದಿನವೂ ಮೂವತ್ತೆಂಟೇ ಬಂತು. ಅವಳಿಗೆ ಒಂಬತ್ತು ಅಂಕ ಬಂತು.

ಸಂಘದ ಕಚೇರಿ ಇವತ್ತು ಅದೇ ಸಿಲಿಂಡರ್ ಕೋಣೆಯ ಪಕ್ಕದಲ್ಲಿದೆ.

ಇದನ್ನೆಲ್ಲ ಹೇಳಿಬಿಡಬೇಕೆಂದೇ ಕೆಳಸಹಿದಾರರು ಹೊಸಕೋಟೆಯವರೆಗೂ ಬಸ್ಸಿನಲ್ಲಿ ವಾಕ್ಯಗಳನ್ನು ಜೋಡಿಸಿಕೊಂಡು ಹೋಗಿದ್ದರು. ಆದರೆ ಕಲ್ಲಿನ ಸಂಗತಿ ಕೇಳಿದ್ದೇ ತಡ, ನಿಶತ್ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ನಕ್ಕು ಸುಸ್ತಾದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದ್ದು: “ನನ್ನ ಕಣ್ಣೇ ಸರಿಯಿಲ್ಲ ಅಂದ್ಕೊಂಡ್ಬಿಟ್ಟಿದ್ದೆ ಕಣೋ. ಅಬ್ಬಾ ಹತ್ರ ಹಠ ಮಾಡಿ ಕನ್ನಡಕ ಹಾಕಿಸ್ಕೊಂಡೆ. ಅಂಗಡಿಯವರು ಪವರ್ರೇ ಇಲ್ಲಮ್ಮಾ ಅಂದ್ರು, ಕೇಳ್ಲಿಲ್ಲ. ಎರಡು ವರ್ಷ ಹಾಕಿದ್ದೆ.”

ಆ ಕನ್ನಡಕ ಕೆಳಸಹಿದಾರರಿಗೆ ಚೆನ್ನಾಗಿ ನೆನಪಿದೆ. ಸ್ಟೈಲಿಗೆ ಹಾಕಿದ್ದಾಳೆಂದು ಆಗ ರೇಗಿಸಿಯೂ ಇದ್ದರು.

ಇಷ್ಟೆಲ್ಲ ಆಗಿಯೂ ನಾಮಪತ್ರದಲ್ಲಿ ಆ ಅಂಕಿಯನ್ನೇ ಯಾಕೆ ಬರೆದೆ, ತಿರಸ್ಕಾರವಾಗುತ್ತದೆಂದು ಗೊತ್ತಿರಲಿಲ್ಲವೇ ಎಂದು ಕೇಳಲಾಗಿ, ಅವಳು, “ಗೊತ್ತಿತ್ತು. ಒಬ್ಬರಾದ್ರೂ ನಂದೂ ಅಷ್ಟೇ ಅಂತಾರೇನೋ ಅಂತ ಬರೆದೆ,” ಎಂದಳು.

ಕೆಳಸಹಿದಾರರಿಗೆ ನಾಚಿಕೆಯಾಯಿತು. ಈ ವಾಕ್ಯಕ್ಕೆ ಕಚೇರಿ ಭಾಷೆಯಲ್ಲಿ ಬೇರೆ ರೂಪ ಹುಡುಕಲಾಗಿ ದೊರೆತಿರುವುದಿಲ್ಲ. ಅವರು ಬಾಯಿ ತೆರೆದರು, ಬಿಸ್ಕತ್ತು ಹಾಕಿಕೊಂಡು ಮುಚ್ಚಿದರು, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದರು.

9. ದಿ: 17-11-2025ರಂದು ಶ್ರೀ ಅಂಬರೀಶ್ ತಮ್ಮ ನಾಮಪತ್ರವನ್ನು ಹಿಂಪಡೆದು, ಕಲ್ಲಿನ ಫೋಟೋದೊಂದಿಗೆ ‘ಇದು ದಿನಾ ಜರುಗುತ್ತಿತ್ತು. ನನ್ನ ದೋಷ 0.038. ಸೊನ್ನೆ ಎಂದು ಬರೆದದ್ದು ಸುಳ್ಳು’ ಎಂದು ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಹಾಕಿದರು. ಹತ್ತು ನಿಮಿಷದ ಮೇಲೆ ನೆಲಮಂಗಲದಿಂದ ಒಬ್ಬರು ನಂದೂ ಅಷ್ಟೇ ಎಂದರು. ವಿಜಯಪುರದಿಂದ ಇನ್ನೊಬ್ಬರು. ದುಬೈಯಿಂದ ಮೂವರು. ಶುಕ್ರವಾರದ ಹೊತ್ತಿಗೆ 311 ಜನ ಕಾಲಂ 9ರಲ್ಲಿ 0.038 ಎಂದು ತುಂಬಿ ಅರ್ಜಿ ಕಳುಹಿಸಿದ್ದು, ಮನೆಯಲ್ಲಿ ಎಲ್ಲರೂ ಹುಷಾರಾಗಿದ್ದಾರೆಂದು ತಿಳಿಸಿರುತ್ತಾರೆ. ಸಂಘದ ಸದಸ್ಯಬಲ 41ರಿಂದ 352ಕ್ಕೆ ಏರಿದೆ. ಒಟ್ಟು ಎತ್ತರವನ್ನು ಅಳೆಯಲು ಕೋಲು ಸಾಲುತ್ತಿಲ್ಲ.

ಹಳೆಯ 41 ಸದಸ್ಯರಲ್ಲಿ ಶ್ರೀಮತಿ ನಿಶತ್ ಅವರನ್ನು ಬಿಟ್ಟು ಉಳಿದ 40 ಜನ ಕಾಲಂ 9ನ್ನು ತಿದ್ದಿ ಕೊಡಬೇಕಾಗಿದ್ದು, ಇಂದಿನವರೆಗೆ 39 ಜನ ಕೊಟ್ಟಿದ್ದಾರೆ. ಬಾಕಿ ಇರುವುದು ಗೌರವ ಕಾರ್ಯದರ್ಶಿಯವರದು. ಅವರಿಗೆ ಅವರೇ ಎರಡು ಜ್ಞಾಪನ ಕಳುಹಿಸಿಕೊಂಡಿದ್ದಾರೆ.

10. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

(ಅ) ಉಪವಿಧಿ 7(2)ನ್ನು ರದ್ದುಪಡಿಸಿದೆ. ಹೊರಟಲ್ಲಿಗೆ ಮರಳಿದಾಗ ಏನು ಕಂಡಿತೋ ಅದನ್ನೇ ಬರೆದವರು ಅಧ್ಯಕ್ಷರಾಗತಕ್ಕದ್ದು. ಅಂಥವರು ಒಬ್ಬರೇ ಇರುವುದರಿಂದ ಶ್ರೀಮತಿ ನಿಶತ್ ಅವಿರೋಧವಾಗಿ ಆಯ್ಕೆಯಾಗಿದ್ದಾರೆ.

(ಆ) ಕಲ್ಲು ಜರುಗಿದ್ದಕ್ಕೆ ಕಲ್ಲಿನ ಮೇಲೆ ಯಾವುದೇ ಶಿಸ್ತುಕ್ರಮ ಜರುಗಿಸತಕ್ಕದ್ದಲ್ಲ. ನೆರಳಿಗೆ ನೀಡಲು ಸಿದ್ಧಪಡಿಸಿದ್ದ ಕಾರಣ ಕೇಳುವ ನೋಟಿಸನ್ನು, ಅದು ಮಧ್ಯಾಹ್ನ ಒಂದು ವಿಳಾಸದಲ್ಲೂ ಸಂಜೆ ಇನ್ನೊಂದು ವಿಳಾಸದಲ್ಲೂ ವಾಸಿಸುತ್ತಿರುವುದರಿಂದ, ಹಿಂಪಡೆಯಲಾಗಿದೆ.

(ಇ) ಕಲ್ಲು ಅಕ್ಕಯಮ್ಮನವರದು. ಮೇಲಿರುವ ಕೆಂಪು ಗುರುತು ಮಾತ್ರ ಕಾಲೇಜಿನದು. ಗುರುತನ್ನು ಉಪಯೋಗಿಸುವವರು ಕಲ್ಲಿನ ಮಾಲೀಕರ ಪಾತ್ರೆ ಮುಗಿಯುವವರೆಗೆ ಕಾಯತಕ್ಕದ್ದು.

(ಈ) ಸಂಘದ ಸದಸ್ಯರು ಕಟ್ಟಿದ ಮನೆಗಳ ಬಗ್ಗೆ ಸಾರ್ವಜನಿಕರು ಗಾಬರಿಯಾಗಬೇಕಾಗಿಲ್ಲ. ಅನುಮಾನವಿರುವವರು ನಡುಮನೆಯಲ್ಲಿ ಒಂದು ಗೋಲಿ ಇಟ್ಟು, ಅದು ಯಾವ ಕಡೆ ಉರುಳಿತೆಂದು ಪೋಸ್ಟ್ ಕಾರ್ಡಿನಲ್ಲಿ ತಿಳಿಸತಕ್ಕದ್ದು. ಮಾಜಿ ಅಧ್ಯಕ್ಷರ ಸ್ವಂತ ಮನೆಯಲ್ಲಿ ಬಚ್ಚಲ ನೀರು ದೇವರ ಕೋಣೆಗೆ ಹೋಗುತ್ತಿದ್ದು, ಅದಕ್ಕೆ ಅಕ್ಕಯಮ್ಮನವರು ಹೊಣೆಯಲ್ಲ.

(ಉ) ತಮ್ಮದು ನಿಜವಾಗಿಯೂ ಸೊನ್ನೆಯೇ ಎಂದು ಈಗಲೂ ವಾದಿಸುತ್ತಿರುವ, ಇನ್ನೂ ಸದಸ್ಯರಾಗದ ಇಬ್ಬರು ಜನವರಿ ತಿಂಗಳ ಮೊದಲ ಭಾನುವಾರ ಯಂತ್ರ ಹೊತ್ತು ರಾಜಘಟ್ಟಕ್ಕೆ ಹೋಗಿ ಬರತಕ್ಕದ್ದು. ಉಳಿದ ಸದಸ್ಯರು ಊಟ ಮಾಡುತ್ತ ಅವರನ್ನು ವೀಕ್ಷಿಸತಕ್ಕದ್ದು.

(ಊ) ಅದೇ ಭಾನುವಾರ ಮಹಾಸಭೆ. ಕಾಲಂ 9ನ್ನು ಹೊಸ ಅಧ್ಯಕ್ಷರು ತಮ್ಮ ಕೈಯಾರೆ ಕತ್ತರಿಸತಕ್ಕದ್ದು. ಕತ್ತರಿಯನ್ನು ಅಕ್ಕಯಮ್ಮನವರು ಹಿಡಿದು ನಿಲ್ಲತಕ್ಕದ್ದು. ಕಂಪ್ಯೂಟರ್ ವಿಭಾಗದವರು ಚಪ್ಪಾಳೆ ತಟ್ಟಬಹುದು, ಅವರಿಗೆ ಈ ಬಾರಿ ಉಪ್ಪಿಟ್ಟನ್ನೂ ಮಂಜೂರು ಮಾಡಿದೆ.

(ಋ) ಮುಂಬಾಗಿಲಿನ ಗ್ರಾನೈಟ್ ಪೀಠ ಖಾಲಿ ಉಳಿದಿದೆ. ಶ್ರೀಮತಿ ನಿಶತ್ ತಮ್ಮ ಪವರ್ ಇಲ್ಲದ ಕನ್ನಡಕವನ್ನು ಇನ್ನೂ ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆಂದು ತಿಳಿದುಬಂದಿದ್ದು, ಅವರು ಒಪ್ಪಿದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಅದನ್ನೇ ಇಡತಕ್ಕದ್ದು. ಕೆಳಗೆ ಏನು ಬರೆಸಬೇಕೆಂದು ಮೂರು ಸಭೆ ನಡೆದು ಒಮ್ಮತ ಬಂದಿಲ್ಲ. ಸದ್ಯಕ್ಕೆ ‘ಕಣ್ಣು ಸರಿಯಾಗಿತ್ತು’ ಎಂದಷ್ಟೇ ಬರೆಸಲಾಗುವುದು.

ಸದರಿ ಆದೇಶಗಳು ಕ್ಯಾಂಟೀನಿನ ಮಧ್ಯಾಹ್ನದ ಪಾತ್ರೆಗಳು ಮುಗಿದ ಕ್ಷಣದಿಂದ ಜಾರಿಗೆ ಬರತಕ್ಕದ್ದು.

(ಸಹಿ)
ಚಲಪತಿ, 2010ನೇ ಸಾಲು
ಗೌರವ ಕಾರ್ಯದರ್ಶಿ
ಕಾಲಂ 9: 0.038
(ಇದು ಸತ್ಯವೆಂದು ಪ್ರಮಾಣೀಕರಿಸುತ್ತೇನೆ.)

ಪ್ರತಿಗಳು:

1) ಶ್ರೀ ನರಸಿಂಹಯ್ಯ, ನಿವೃತ್ತ ಸರ್ವೆ ಮೇಷ್ಟ್ರು, ನೆಲಮಂಗಲ: ಇವರ ಮಾಹಿತಿಗಾಗಿ, ಮತ್ತು 2008ರ ಒಂಬತ್ತು ಅಂಕವನ್ನು ಇಪ್ಪತ್ತೈದಕ್ಕೆ ಏರಿಸಬೇಕೆಂಬ ಕೋರಿಕೆಯೊಂದಿಗೆ. ಇಪ್ಪತ್ನಾಲ್ಕು ಅಂಕವನ್ನು ಎಷ್ಟಕ್ಕೆ ಇಳಿಸಬೇಕೆಂಬುದು ಅವರ ವಿವೇಚನೆಗೆ.

2) ಶ್ರೀ ಅಂಬರೀಶ್, ಮಾಜಿ ಅಧ್ಯಕ್ಷರು: ಬಚ್ಚಲಿನ ಬಗ್ಗೆ ಮುಂದಿನ ಕ್ರಮಕ್ಕಾಗಿ.

3) ಫೋಟೋದವರು, ದೇವನಹಳ್ಳಿ: ಮಹಾಸಭೆಗೆ ಬೆಳಿಗ್ಗೆಯೇ ಬರತಕ್ಕದ್ದು. ತಡವಾದರೂ ಪರವಾಗಿಲ್ಲ, ಕಳೆದ ಸಲ ಅದರಿಂದ ಒಳ್ಳೆಯದೇ ಆಗಿದೆ.

4) ಪಕ್ಕದ ಸಮುದಾಯ ಭವನ: ನಾಮಕರಣಕ್ಕೆ ಬರುವವರಿಗೆ ದಾರಿ ಸರಿಯಾಗಿ ತೋರಿಸಲು. ನಮ್ಮಲ್ಲಿ ಇನ್ನು ಎಲೆ ಸಾಲುವುದಿಲ್ಲ.

5) ಶ್ರೀಮತಿ ಅಕ್ಕಯಮ್ಮ: ಇವರಿಗೆ ಪೂರ್ತಿ ಓದಿ ಹೇಳಲಾಯಿತು. “ಸರಿ, ಕಲ್ಲಿನ ಮೇಲಿಂದ ಏಳಪ್ಪಾ, ಪಾತ್ರೆ ಅವೆ” ಎಂದಿರುವುದನ್ನು ಕಡತಕ್ಕೆ ಸೇರಿಸಿದೆ.

6) ಶ್ರೀಮತಿ ನಿಶತ್, ಅಧ್ಯಕ್ಷರು, ಹೊಸಕೋಟೆ: ಹದಿನೇಳು ವರ್ಷದ ವಿಳಂಬವನ್ನು ಮನ್ನಿಸಬೇಕೆಂಬ ಕೋರಿಕೆಯೊಂದಿಗೆ. ನಂದೂ ಅಷ್ಟೇ ಕಣೇ.